ಊದುಗೊಳವೆಯಿಂದ ಉಸಿರುಗೊಳವೆಗೆ

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಚೀಟಿಯ ಕೊನೆಯಲ್ಲಿ, ಮಾತ್ರೆಗಳ ಪಟ್ಟಿಯೆಲ್ಲ ಮುಗಿದ ಮೇಲೆ, ವೈದ್ಯರು ಎರಡೇ ಎರಡು ಪದ ಗೀಚಿರುತ್ತಾರೆ: 'ಹೋಮ್ ಆಕ್ಸಿಜನ್'. ಎಷ್ಟು ಹಗುರಾದ ಮಾತು! ಕುಡಿಯಲು ಬಿಸಿನೀರು ಕೊಡಿ ಎಂದಷ್ಟೇ ಸಲೀಸು. ಆದರೆ ಆ ಎರಡು ಪದಗಳ ಅರ್ಥ ತಿಳಿದುಕೊಂಡು, ಅಂಗಡಿ ಹುಡುಕಿ, ಯಂತ್ರ ತರಿಸಿ, ಬಾಟಲಿಗೆ ಕಾಯಿಸಿ ಆರಿಸಿದ ನೀರು ತುಂಬಿ, ವಾರಕ್ಕೊಮ್ಮೆ ಫಿಲ್ಟರ್ ತೊಳೆದು, ನಡುರಾತ್ರಿ ಕರೆಂಟು ಹೋದಾಗ ಎದ್ದು ಸಿಲಿಂಡರ್ ತಿರುಗಿಸುವವರು ಯಾರು? ಚೀಟಿಯಲ್ಲಿ ಅವಳ ಹೆಸರಿಲ್ಲ. ನಿನ್ನಿಂದ ಆಗುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರುವುದಿಲ್ಲ. 'ಮನೆ' ಎಂದರೆ ಸಾಕು, ಅದರೊಳಗೆ ಒಬ್ಬ ಸೊಸೆಯೋ ಮಗಳೋ ಹೆಂಡತಿಯೋ ಇದ್ದೇ ಇರುತ್ತಾಳೆ ಎನ್ನುವುದು ಎಲ್ಲರ ಗಟ್ಟಿ ನಂಬಿಕೆ!

ಇನ್ನು, ಆ ಆಕ್ಸಿಜನ್ ಬೇಕಾಗಿರುವುದು ಒಬ್ಬ ಹೆಂಗಸಿಗೇ ಆಗಿದ್ದರೆ ಕಥೆ ಇನ್ನೂ ಬೇರೆ.

ಶ್ವಾಸಕೋಶ ಸವೆದುಹೋಗುವ ಸಿ.ಓ.ಪಿ.ಡಿ. ಎಂಬ ಕಾಯಿಲೆಯನ್ನು ನಾವು ಬೀಡಿ ಸಿಗರೇಟು ಸೇದುವ ಗಂಡಸರ ಕಾಯಿಲೆ ಎಂದೇ ತಿಳಿದಿದ್ದೇವೆ. ಆದರೆ ಬೀಡಿಯನ್ನು ಕೈಯಲ್ಲೂ ಮುಟ್ಟದ ನಮ್ಮ ಅಜ್ಜಿಯಂದಿರು, ಅತ್ತೆಯಂದಿರು ಏಕೆ ಕೆಮ್ಮಿ ಕೆಮ್ಮಿ ಏದುಸಿರು ಬಿಟ್ಟರು? ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಕುರಿತ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅದರಲ್ಲಿ ಸರಳವಾದ ಒಂದು ಲೆಕ್ಕವಿದೆ. ಒಲೆಯ ಮುಂದೆ ದಿನಕ್ಕೆ ಎಷ್ಟು ಗಂಟೆ ಕೂತಿರಿ, ಎಷ್ಟು ವರ್ಷ ಕೂತಿರಿ, ಎರಡನ್ನೂ ಗುಣಿಸಿ. ಉತ್ತರ 60 ಮುಟ್ಟಿತೆಂದರೆ ದೀರ್ಘಕಾಲದ ಕಫ-ಕೆಮ್ಮಿನ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ, ಲೆಕ್ಕ ತುಂಬಿತು! ನಮ್ಮ ತಾಯಂದಿರಲ್ಲಿ ಈ ಲೆಕ್ಕ ದಾಟದವರು ಎಷ್ಟು ಮಂದಿ? 2016ರಲ್ಲಿ ಉಜ್ವಲ ಯೋಜನೆ ಬಂದು ಬಡವರ ಮನೆಗೂ ಗ್ಯಾಸ್ ಒಲೆ ಹೋಯಿತು, ಸರಿ. ಆದರೆ ಅದಕ್ಕೆ ಮೊದಲೇ ಒಳಗೆ ಹೋದ ಹೊಗೆಯನ್ನು ಯಾವ ಯೋಜನೆ ಹೊರತೆಗೆದೀತು? ಊದುಗೊಳವೆಯಲ್ಲಿ ಊದಿ ಊದಿ ಊರಿಗೆಲ್ಲ ಬಡಿಸಿದವಳ ಮೂಗಿಗೆ ಈಗ ಇನ್ನೊಂದು ಕೊಳವೆ ಬೇಕಾಗಿದೆ. ಅದನ್ನು ಕೊಡುವಾಗ ನಮಗೆ ಲೆಕ್ಕಾಚಾರ ನೆನಪಾಗುತ್ತದೆ.

ಆಕ್ಸಿಜನ್ ಒಂದು ಔಷಧಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅದು ಸಾಯುವವರ ಬಾಯಿಗೆ ಬಿಡುವ ಗಂಗಾಜಲವಲ್ಲ, ಉಳ್ಳವರ ದೊಡ್ಡಸ್ತಿಕೆಯೂ ಅಲ್ಲ. 1981ರಲ್ಲಿ ಬ್ರಿಟನ್ನಿನ ವೈದ್ಯರು ಇಂಥ 87 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲ ಪ್ರಕಟಿಸಿದರು. ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಮಂದಿಯಲ್ಲಿ ಐದು ವರ್ಷಗಳಲ್ಲಿ ಸತ್ತವರು 19. ಪಡೆಯದ 45 ಮಂದಿಯಲ್ಲಿ 30. ಜೀವ ಉಳಿಸಿದ್ದು ಗಂಟೆಗಳ ಲೆಕ್ಕ ಎಂಬುದನ್ನು ಗಮನಿಸಿ. ಏದುಸಿರು ಬಂದಾಗ ಹತ್ತು ನಿಮಿಷ ಹಾಕಿಕೊಂಡು ತೆಗೆದಿಡುವುದಕ್ಕೆ ಈ ಫಲ ಬರುವುದಿಲ್ಲ. (ಆ 87 ಮಂದಿಯಲ್ಲಿ ಹೆಂಗಸರು ಬರೀ 21. ಅಲ್ಲೂ ನಾವು ಕಡಿಮೆಯೇ!)

ಈ 15 ಗಂಟೆ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂದು ಕೇಳಿ. ನನ್ನ ಸೋದರತ್ತೆಗೆ ತುಮಕೂರಿನಲ್ಲಿ ಮಗ ಯಂತ್ರ ಕೊಡಿಸಿದ. ಗಾಳಿಯಲ್ಲಿರುವ ಸಾರಜನಕವನ್ನು ಸೋಸಿ ತೆಗೆದು ಆಕ್ಸಿಜನ್ನನ್ನು ಮಾತ್ರ ಕೊಡುವ 'ಕಾನ್ಸಂಟ್ರೇಟರ್' ಅದು. ಮಗ ಆಫೀಸಿಗೆ ಹೊರಟ ಕೂಡಲೇ ಅತ್ತೆ ಅದನ್ನು ಆರಿಸಿ ಕೂರುತ್ತಿದ್ದರು. ಕೇಳಿದರೆ, "ಅವನು ಪಾಪ ಎಷ್ಟೂಂತ ಬಿಲ್ಲು ಕಟ್ತಾನೇ? ಸುಮ್ನೆ ಕೂತಿರೋವಾಗ ಅದ್ಯಾಕೆ ಗುಯ್ಯಂತ ಓಡ್ಬೇಕು?" ಎನ್ನುತ್ತಿದ್ದರು. ಸಂಜೆ ಸ್ಕೂಟರಿನ ಶಬ್ದ ಕೇಳಿದಾಗ ಮತ್ತೆ ಹಾಕುತ್ತಿದ್ದರು. ತನಗೆಂದು ಒಂದು ಲೋಟ ಹಾಲು ಉಳಿಸಿಕೊಳ್ಳದ ಜೀವ ತನಗೆಂದು ಉಸಿರು ಉಳಿಸಿಕೊಂಡೀತೇ? ಇದನ್ನು ತ್ಯಾಗ ಎಂದು ಹಾಡಿ ಹೊಗಳುವವರಿಗೆ ನನ್ನದೊಂದು ಪ್ರಶ್ನೆ: ಇದೇ ಯಂತ್ರ ಮಾವನವರ ಮೂಗಿಗಿದ್ದಿದ್ದರೆ ಮನೆಯಲ್ಲಿ ಯಾರಾದರೂ ಬಿಲ್ಲಿನ ಮಾತು ಎತ್ತುತ್ತಿದ್ದರೇ?

ಹಾಗೆಂದು ಬಿಲ್ಲು ಸುಳ್ಳಲ್ಲ. ಐದು ಲೀಟರಿನ ಯಂತ್ರ ಸುಮಾರು 350 ವಾಟ್ ಎಳೆಯುತ್ತದೆ. ದಿನಕ್ಕೆ 15 ಗಂಟೆ ಎಂದರೆ ಐದೂಕಾಲು ಯೂನಿಟ್. ತಿಂಗಳಿಗೆ 157ಕ್ಕೂ ಹೆಚ್ಚು. 2023ರಲ್ಲಿ ನಮ್ಮ ಸರ್ಕಾರ ಗೃಹಜ್ಯೋತಿ ತಂದಾಗ 200 ಯೂನಿಟ್‌ವರೆಗೆ ಉಚಿತ ಎಂದಿತು, ಸಂತೋಷ. ಆದರೆ ಯಾರಿಗೆ ಎಷ್ಟು ಉಚಿತ ಎನ್ನುವುದನ್ನು ಅದು ಅಳೆದದ್ದು ಅದಕ್ಕೆ ಹಿಂದಿನ ವರ್ಷದ ಸರಾಸರಿ ಬಳಕೆಯಿಂದ. ಹಿಂದಿನ ವರ್ಷ ಅತ್ತೆಯ ಶ್ವಾಸಕೋಶ ಕೆಟ್ಟಿರಲಿಲ್ಲವಲ್ಲ! ಯಂತ್ರ ಮನೆಗೆ ಬಂದ ತಿಂಗಳೇ ಮೀಟರು ಗಡಿ ದಾಟುತ್ತದೆ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಟಿ.ವಿ.ಗೂ ಉಸಿರಿಗೂ ವ್ಯತ್ಯಾಸ ತಿಳಿಯದ ಮೀಟರಿಗೆ ನಾವು ಬುದ್ಧಿ ಹೇಳಲಾರೆವು. ಮೀಟರಿನ ನಿಯಮ ಬರೆಯುವವರಿಗೆ ಹೇಳಬಹುದಲ್ಲ?

ಅಂಗಡಿಯವರ ಮಾತನ್ನೂ ಆಡಿಬಿಡೋಣ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದೇ ದಿನ 24 ಮಂದಿ ಸತ್ತ ಸುದ್ದಿ ಕೇಳಿ ಇಡೀ ನಾಡು ಬೆಚ್ಚಿತು. ಆಕ್ಸಿಜನ್ ಎಂಬ ಪದ ಎಲ್ಲರ ಬಾಯಿಗೂ ಬಂದದ್ದು, ಯಂತ್ರಗಳು ಊರೂರಿನ ಅಂಗಡಿಗೆ ಬಂದದ್ದು ಆ ಬೇಸಿಗೆಯಲ್ಲೇ. ಆ ಭಯವೇ ಈಗ ವ್ಯಾಪಾರದ ಬಂಡವಾಳವಾಗಿದೆ. ಆದ್ದರಿಂದ ಕೊಳ್ಳುವ ಮೊದಲು ವೈದ್ಯರನ್ನು ಕೂರಿಸಿ ಕೇಳಿ. ವಿಶ್ರಾಂತಿಯಲ್ಲಿದ್ದಾಗಲೂ ರಕ್ತದ ಆಕ್ಸಿಜನ್ 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ ಈ ಚಿಕಿತ್ಸೆಯಿಂದ ಆಯುಸ್ಸು ಹೆಚ್ಚುತ್ತದೆ. ಸ್ವಲ್ಪವೇ ಕಡಿಮೆ ಇರುವವರಿಗೆ ಹಾಗೇನೂ ಆಗಲಿಲ್ಲವೆಂದು 2016ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆ ತೋರಿಸಿದೆ. ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದವರಿಗೆ ಎರಡು ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಿದರೆ ಎಷ್ಟೋ ಸಲ ಯಂತ್ರವೇ ಬೇಡವಾಗಿರುತ್ತದೆ. ಹಾಗಿರುವಾಗ ಮೊದಲ ದಿನವೇ ಒಡವೆ ಅಡವಿಟ್ಟು ಕೊಳ್ಳುವುದೇಕೆ? ಬಾಡಿಗೆಗೆ ತಂದರಾಯಿತು.

ಚೀಟಿಯಲ್ಲಿ ಬರೀ 'ಹೋಮ್ ಆಕ್ಸಿಜನ್' ಎಂದಿದ್ದರೆ ಒಪ್ಪಿಕೊಳ್ಳಬೇಡಿ. ನಿಮಿಷಕ್ಕೆ ಎಷ್ಟು ಲೀಟರ್, ದಿನಕ್ಕೆ ಎಷ್ಟು ಗಂಟೆ, ನಿದ್ದೆಯಲ್ಲಿ ಎಷ್ಟು, ನಡೆಯುವಾಗ ಎಷ್ಟು, ಬೆರಳಿನ ಮೀಟರು ಎಷ್ಟು ತೋರಿಸಬೇಕು, ಎಲ್ಲವನ್ನೂ ಬರೆಸಿಕೊಳ್ಳಿ. ಮಾತ್ರೆಗೆ 'ಬೆಳಿಗ್ಗೆ ಒಂದು, ರಾತ್ರಿ ಒಂದು' ಎಂದು ಬರೆಯುವವರು ಆಕ್ಸಿಜನ್ನಿಗೇಕೆ ಬರೆಯಬಾರದು? ಏದುಸಿರು ಹೆಚ್ಚಾಯಿತೆಂದು ನಾವೇ ತಿರುಪು ತಿರುಗಿಸಿದರೆ ಇಂಥ ರೋಗಿಗಳಲ್ಲಿ ಕೆಲವರಿಗೆ ಇಂಗಾಲದ ಡೈಆಕ್ಸೈಡ್ ಒಳಗೇ ಸೇರಿ ಮಂಪರು ಕವಿಯುತ್ತದೆ. ಅದಕ್ಕೇ ಅವರಿಗೆ 88ರಿಂದ 92ರ ಮಧ್ಯೆ ಇದ್ದರೆ ಸಾಕು ಎನ್ನುತ್ತಾರೆ. ಇನ್ನು ಬೆಂಕಿ. ಒಲೆ, ಊದುಬತ್ತಿ, ದೀಪ, ಇವುಗಳಿಂದ ಕೊಳವೆ ಹತ್ತಡಿ ದೂರವಿರಬೇಕು. ದೇವರ ದೀಪ ಆರಿಸುವುದು ಅಶುಭ ಎನ್ನುವವರು ರೋಗಿಯ ಕುರ್ಚಿಯನ್ನು ಹಜಾರಕ್ಕೆ ಸರಿಸಲಿ. ದೀಪವೂ ಉಳಿಯುತ್ತದೆ, ಮನೆಯ ಹಿರಿಯಳೂ ಉಳಿಯುತ್ತಾಳೆ.

ನನಗೆ ಅತ್ಯಂತ ಸಿಟ್ಟು ಬರುವುದು ಪ್ರಯಾಣದ ವಿಷಯಕ್ಕೆ. "ಈ ಸ್ಥಿತೀಲಿ ಅವರು ಎಲ್ಲಿಗೆ ಹೋಗ್ಬೇಕು?" ಎಂದು ಕೇಳುವವರನ್ನು ನೋಡಿ. ಅತ್ತೆಯ ಮೊಮ್ಮಗುವಿನ ನಾಮಕರಣ ಹುಬ್ಬಳ್ಳಿಯಲ್ಲಿ ನಿಶ್ಚಯವಾದಾಗ ನೆಂಟರೆಲ್ಲ ಒಂದೇ ರಾಗ ಹಾಡಿದರು: "ವಿಡಿಯೋ ಕಾಲ್ ಮಾಡಿ ತೋರಿಸ್ತೀವಿ ಬಿಡಿ." ಹೊಸಲು ದಾಟಬೇಡ ಎಂದು ಹೆಣ್ಣಿಗೆ ಹೇಳಲು ನಮಗೆ ಹಿಂದೆ ಹತ್ತು ನೆಪಗಳಿದ್ದವು, ಈಗ ಹನ್ನೊಂದನೆಯದಾಗಿ ಕೊಳವೆ ಸಿಕ್ಕಿತು, ಅಷ್ಟೆ.

ನಾವು ಕೂತು ಲೆಕ್ಕ ಹಾಕಿದೆವು. 'ಬಿ-ಟೈಪ್' ಎನ್ನುವ ಸಣ್ಣ ಸಿಲಿಂಡರಿನಲ್ಲಿ 1,500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡೂವರೆ ಗಂಟೆ. ತುಮಕೂರಿನಿಂದ ಹುಬ್ಬಳ್ಳಿಗೆ ಹಗಲಿನ ರೈಲು ಅದಕ್ಕಿಂತ ಎಷ್ಟೋ ಮೊದಲೇ ಮುಟ್ಟುತ್ತದೆ. ವೈದ್ಯರ ಸಲಹೆಯ ಮೇಲೆ ಪ್ರಯಾಣ ಮಾಡುವ ರೋಗಿ ಆಕ್ಸಿಜನ್ ಸಿಲಿಂಡರನ್ನು ಸ್ಟ್ಯಾಂಡ್ ಸಮೇತ ಎಲ್ಲ ದರ್ಜೆಗಳಲ್ಲೂ ಒಯ್ಯಬಹುದೆಂದು ರೈಲ್ವೆಯ ಲಗೇಜು ನಿಯಮದಲ್ಲೇ ಇದೆ. ವೈದ್ಯರಿಂದ ಪತ್ರ ಬರೆಸಿಕೊಂಡೆವು. ಹುಬ್ಬಳ್ಳಿಯ ಮನೆಗೆ ಹಿಂದಿನ ದಿನವೇ ಬಾಡಿಗೆ ಯಂತ್ರ ತರಿಸಿ ಹಚ್ಚಿ ನೋಡಿದ್ದಾಯಿತು. ಸಿಲಿಂಡರ್ ಉರುಳದಂತೆ ಸೀಟಿನ ಕಾಲಿಗೆ ಕಟ್ಟಿ, ಕೊಳವೆಯೊಂದನ್ನು ಹೆಚ್ಚಿಗೆ ಇಟ್ಟುಕೊಂಡು ಹೊರಟೆವು. ಅತ್ತೆ ದಾವಣಗೆರೆಯವರೆಗೂ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಎದುರು ಸೀಟಿನ ಹೆಂಗಸಿಗೆ ಮೆಂತ್ಯದ ಚಟ್ನಿಪುಡಿ ಮಾಡುವುದನ್ನು ಹೇಳಿಕೊಟ್ಟರು.

ವಿಮಾನದ ಮಾತು ಬೇರೆ. ಅಲ್ಲಿ ನಮ್ಮ ಸಿಲಿಂಡರನ್ನು ಒಳಗೆ ಬಿಡುವುದಿಲ್ಲ. ಬ್ಯಾಟರಿಯಿಂದ ನಡೆಯುವ, ಕಂಪನಿ ಒಪ್ಪುವ ಸಣ್ಣ ಯಂತ್ರವನ್ನು ಒಯ್ಯಬೇಕು. ಬ್ಯಾಟರಿ ಹಾರಾಟದ ಅವಧಿಯ ಒಂದೂವರೆ ಪಟ್ಟು ಬರುವಂತಿರಬೇಕು. ವೈದ್ಯರು ತುಂಬಿದ ನಮೂನೆಯನ್ನು ಕನಿಷ್ಠ ಎರಡು ದಿನ ಮೊದಲೇ ಕೊಡಬೇಕು. ವಿಮಾನದೊಳಗಿನ ಗಾಳಿ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಗಾಳಿಯಷ್ಟು ತೆಳುವಾಗಬಹುದು. ಆದ್ದರಿಂದ ಮನೆಯ ಅಳತೆ ಅಲ್ಲಿ ಸಾಲದು. ಮಂಗಳೂರಿನಲ್ಲಿ ಸಾಲುವ ಅಳತೆ ಮಡಿಕೇರಿಯಲ್ಲೂ ಸಾಲದೆ ಹೋಗಬಹುದು. ಇನ್ನೊಂದು ಎಚ್ಚರ: ಈ ಸಣ್ಣ ಯಂತ್ರಗಳಲ್ಲಿ ಹೆಚ್ಚಿನವು ಉಸಿರು ಎಳೆದಾಗ ಮಾತ್ರ ಒಂದು ಗುಟುಕು ಬಿಡುತ್ತವೆ. ಅದರ ಮೇಲಿನ '2' ಎಂಬ ಅಂಕಿ ಎರಡು ಲೀಟರ್ ಅಲ್ಲ. ಲಕ್ಷದ ಮೇಲೆ ಬೆಲೆ ಹೇಳುವ ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ. ಯಂತ್ರ ಹಾಕಿಕೊಂಡು ನಡೆದಾಡಿಸಿ, ಮೀಟರು ನೋಡಿಯೇ ಕೊಳ್ಳಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರಿಗೂ ತಿಳಿದಿರಲಿ: ಅಲ್ಲಿಗೆ ಹೋಗಿಬರುವ ವಿಮಾನಗಳು ಒಪ್ಪಿಗೆ ಪಡೆದ ಇಂಥ ಯಂತ್ರಕ್ಕೆ ಅವಕಾಶ ಕೊಡಲೇಬೇಕೆಂಬ ನಿಯಮ 2009ರಿಂದಲೇ ಇದೆ.

ಇಂಗ್ಲೆಂಡಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಗೊತ್ತೇ? ಸರ್ಕಾರಿ ಆರೋಗ್ಯ ಸೇವೆಯ ನಮೂನೆಯನ್ನು ಆಸ್ಪತ್ರೆ ತುಂಬುತ್ತದೆ. ಗುತ್ತಿಗೆ ಪಡೆದ ಕಂಪನಿ ಯಂತ್ರ ತಂದು ಜೋಡಿಸಿ, ಕಲಿಸಿ, ಕೆಟ್ಟರೆ ಬದಲಿಸುತ್ತದೆ. ರೋಗಿ ಹಣ ಕೊಡುವುದಿಲ್ಲ. ಯಂತ್ರ ಉಂಡ ವಿದ್ಯುತ್ತಿನ ದುಡ್ಡನ್ನೂ ಹಿಂದಿರುಗಿಸುತ್ತಾರೆ. ದೇಶದೊಳಗೆ ರಜೆಗೆ ಹೊರಟರೆ ಹೋದ ಊರಿಗೇ ಆಕ್ಸಿಜನ್ ತಲುಪಿಸುತ್ತಾರೆ. ಅವರ ಶ್ರೀಮಂತಿಕೆ ನಮಗಿಲ್ಲ ಎನ್ನುತ್ತೀರಾ? ಯಂತ್ರಗಳಾದರೋ ನಮ್ಮಲ್ಲೂ ಇವೆ. 2021ರಲ್ಲಿ ದಾನಿಗಳು ಕೊಟ್ಟ ಎಷ್ಟೋ ಯಂತ್ರಗಳು ಇಂದು ಗೋಣಿತಾಟು ಹೊದ್ದು ಉಗ್ರಾಣಗಳಲ್ಲಿ ಕೂತಿವೆ. ಅವುಗಳನ್ನು ಒರೆಸಿ, ಪರೀಕ್ಷಿಸಿ, ತಾಲ್ಲೂಕು ಆಸ್ಪತ್ರೆಯಿಂದ ಮನೆಗಳಿಗೆ ಎರವಲು ಕೊಡಲು ಯಾವ ಶ್ರೀಮಂತಿಕೆ ಬೇಕು? ಇಂಥ ಯಂತ್ರವಿರುವ ಮನೆಗಳ ಪಟ್ಟಿಯನ್ನು ವಿದ್ಯುತ್ ಕಚೇರಿ ಇಟ್ಟುಕೊಂಡು, ಲೈನು ತೆಗೆಯುವ ಮೊದಲು ಒಂದು ಫೋನು ಮಾಡಲು ಎಷ್ಟು ಖರ್ಚು? ವೈದ್ಯರ ಪತ್ರ ನೋಡಿ 150 ಯೂನಿಟ್ ಹೆಚ್ಚಿಗೆ ಬಿಟ್ಟರೆ ಬೊಕ್ಕಸ ಬರಿದಾದೀತೇ?

ಕೇಳಬೇಕಾದವರು ನಾವೇ. ನಮ್ಮ ಮಹಿಳಾ ಸಮಾಜಗಳು ರಂಗೋಲಿ ಸ್ಪರ್ಧೆಯ ಜೊತೆಗೆ ಇದೊಂದು ಅರ್ಜಿಯನ್ನೂ ಬರೆಯಲಿ. ಊರಿಗೆ ಎರಡು ಯಂತ್ರ ಕೊಂಡಿಟ್ಟು ಕಡಿಮೆ ಬಾಡಿಗೆಗೆ ಕೊಡಲಿ. ಗಂಡುಮಕ್ಕಳಿಗೆ ಫಿಲ್ಟರ್ ತೊಳೆಯಲು ಕಲಿಸೋಣ. ಅದಕ್ಕೇನೂ ಹೆಣ್ಣಿನ ಕೈಯೇ ಬೇಕೆಂದಿಲ್ಲ. ಮನೆಯ ಹಿರಿಯಳು ಯಂತ್ರ ಆರಿಸಲು ಕೈ ಚಾಚಿದರೆ ಆ ಕೈಯನ್ನು ಮೆಲ್ಲಗೆ ಹಿಡಿದು ಹೇಳೋಣ: ನೀವು ಐವತ್ತು ವರ್ಷ ನಮ್ಮ ಹೊಗೆ ಕುಡಿದಿರಿ, ಇನ್ನು ನಮ್ಮ ಕರೆಂಟು ಕುಡಿಯಿರಿ. ಅದು ನಿಮ್ಮ ಬಾಕಿ.