ಗೇರ್ ಇಲ್ವಾ? ಇಲ್ಲ ಸ್ವಾಮಿ, ಏನೀಗ?

ನನ್ನ ಸೈಕಲ್ ನೋಡಿದ ಹತ್ತು ಜನರಲ್ಲಿ ಎಂಟು ಜನ ಕೇಳೋದು ಒಂದೇ ಪ್ರಶ್ನೆ. "ಗೇರ್ ಇಲ್ವಾ?" ಕೇಳೋ ಧಾಟಿ ಹೇಗಿರತ್ತೆ ಅಂದ್ರೆ, ಪಾಪ ಮನೇಲಿ ಕರೆಂಟ್ ಇಲ್ವಾ ಅಂತ ವಿಚಾರಿಸಿದ ಹಾಗೆ! ಇಲ್ಲ ಸ್ವಾಮಿ. ಪೆಡಲ್ ಹತ್ತಿರ 44 ಹಲ್ಲಿನ ಒಂದು ಚಕ್ರ, ಹಿಂದೆ 20 ಹಲ್ಲಿನ ಒಂದು ಫ್ರೀವೀಲು, ನಡುವೆ ಒಂದು ಚೈನು. 26 ಇಂಚಿನ ಗಾಲಿ, ಒಂದೂಮುಕ್ಕಾಲು ಇಂಚು ಅಗಲದ ಟೈರು, ಹಿಂದೊಂದು ಕ್ಯಾರಿಯರ್. ಮುಗೀತು. ಇದರಲ್ಲೇ ದುರ್ಗಕ್ಕೂ ಹೋಗ್ತೀನಿ, ಇದರಲ್ಲೇ ಹೊಲದ ಬಂಡಿ ಜಾಡಿಗೂ ಇಳೀತೀನಿ.

ನಮ್ಮೂರು ಎಲ್ಲಿ ಅಂತ ಕೇಳೋರಿಗೆ: ತುರುವನೂರು, ಚಿತ್ರದುರ್ಗ ತಾಲ್ಲೂಕು. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಅರಣ್ಯ ಸತ್ಯಾಗ್ರಹ ನಡೆದ ಊರು, ಶಾಲೆ ಪುಸ್ತಕದಲ್ಲಿ ಒಂದು ಸಾಲಾದರೂ ಓದಿರ್ತೀರಿ. ಈಗ ಈರುಳ್ಳಿ ಬೆಳೆಯೋ ಊರು. ದುರ್ಗಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸುತ್ತ ಎರೆ ಭೂಮಿ. ಈ ಎರೆ ಮಣ್ಣಿನ ವಿಷಯ ನೆನಪಿಟ್ಟುಕೊಳ್ಳಿ, ನನ್ನ ಜಗಳದ ಅರ್ಧ ಅದರ ಮೇಲೇ ನಿಂತಿದೆ.

ಈಗ ಹಳ್ಳಿಯಲ್ಲೂ ಹತ್ತನೇ ಕ್ಲಾಸಿನ ಹುಡುಗನಿಗೆ ಅಪ್ಪ ಕೊಡಿಸೋ ಸೈಕಲ್ ಯಾವುದು ನೋಡಿ. ಮುಂದೆ ಸ್ಪ್ರಿಂಗು, ನಡುವೆ ಸ್ಪ್ರಿಂಗು, ಕೊಳವೆ ಮೇಲೆ "21 ಸ್ಪೀಡ್" ಅಂತ ಮಿಂಚೋ ಸ್ಟಿಕ್ಕರು. ಮುಂದೆ ಮೂರು, ಹಿಂದೆ ಏಳು, ಮೂರೇಳಲಿ ಇಪ್ಪತ್ತೊಂದು. ಲೆಕ್ಕ ಸರಿ. ಆದರೆ ಇದರಲ್ಲಿ ಎಷ್ಟೋ ಗೇರುಗಳು ಒಂದರ ಮೇಲೊಂದು ಬಂದು ಕೂರತ್ತವೆ. ಮುಂದಿನ ದೊಡ್ಡದು-ಹಿಂದಿನ ದೊಡ್ಡದು, ಮುಂದಿನ ಚಿಕ್ಕದು-ಹಿಂದಿನ ಚಿಕ್ಕದು ಹಾಕಿದರೆ ಚೈನು ಓರೆಯಾಗಿ ಕರಕರ ಅನ್ನತ್ತೆ, ಅದನ್ನ ಬಳಸಲೇಬಾರದು. ಹುಡುಗ ಬಳಸೋದು ಎರಡೋ ಮೂರೋ. ಮಿಕ್ಕ ಹದಿನೆಂಟನ್ನು ಅವನು ಸುಮ್ನೆ ಹೊತ್ತುಕೊಂಡು ತಿರುಗ್ತಾನೆ!

ಇನ್ನು ಮಳೆಗಾಲ. ಎರೆಯಲ್ಲಿ ನಡೆದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿ ಒಂದೊಂದು ಕೇಜಿ ಆಗತ್ತೆ. ಆ ಮಣ್ಣು ಗೇರ್ ಸೈಕಲ್ಲಿನ ಹಿಂದೆ ಜೋತಾಡೋ ಡಿರೈಲರಿನ ಎರಡು ಪುಟಾಣಿ ಗಾಲಿಗಳ ಮಧ್ಯೆ ಮೆತ್ತಿಕೊಂಡರೆ ಚೈನು ತಿರುಗಲ್ಲ. ಹುಡುಗ ಜೋರಾಗಿ ತುಳೀತಾನೆ. ಡಿರೈಲರನ್ನು ಹಿಡಿದಿರೋ ತುಂಡು ಸೊಟ್ಟಗಾಗತ್ತೆ, ಕೆಲವೊಮ್ಮೆ ಇಡೀ ವಸ್ತು ಕಡ್ಡಿಗಳ ಒಳಗೆ ಹೋಗತ್ತೆ. ಅವತ್ತಿನಿಂದ ಸೈಕಲ್ ದನದ ಕೊಟ್ಟಿಗೆಯ ಗೋಡೆಗೆ. ಇಂಥ ಸೈಕಲ್ಲುಗಳನ್ನ ನಾನು ನಮ್ಮೂರಲ್ಲಿ, ಪಕ್ಕದ ಹಳ್ಳಿಗಳಲ್ಲಿ ಬೇಕಾದಷ್ಟು ನೋಡಿದೀನಿ, ಒಂದರ ಮೇಲೆ ಕೋಳಿ ಕೂತಿತ್ತು.

ನನ್ನದಕ್ಕೆ ಎರೆ ಮೆತ್ತಲ್ವಾ? ಮೆತ್ತತ್ತೆ, ಧಾರಾಳವಾಗಿ! ಮಡ್‌ಗಾರ್ಡ್ ಒಳಗೆ ತುಂಬಿ ಗಾಲಿಯೇ ನಿಲ್ಲತ್ತೆ. ಇಳಿದು, ಒಂದು ಜಾಲಿ ಕಡ್ಡಿ ಮುರಿದು ಕೆರೆದು ಹೊರಡ್ತೀನಿ. ಮುರಿಯೋಕೆ ಅಲ್ಲಿ ಇನ್ನೇನೂ ಇಲ್ಲ. ಚೈನು ಸಡಿಲ ಆದರೆ ಹಿಂದಿನ ಆಕ್ಸಲ್ ನಟ್ಟು ಎರಡೂ ಕಡೆ ಸಡಿಲಿಸಿ, ಗಾಲಿ ಸ್ವಲ್ಪ ಹಿಂದಕ್ಕೆಳೆದು, ಅರ್ಧ ಇಂಚು ಆಟ ಬಿಟ್ಟು ಬಿಗಿ ಮಾಡೋದು. ಒಂದು ಸ್ಪ್ಯಾನರ್ ಸಾಕು. (ನೆಗ್ಗಿಲು ಮುಳ್ಳಿಗೆ ಮಾತ್ರ ಯಾವ ಭೇದಭಾವವೂ ಇಲ್ಲ, ಗೇರ್ ಇದ್ದರೂ ಪಂಕ್ಚರ್, ಇಲ್ಲದಿದ್ದರೂ ಪಂಕ್ಚರ್.)

ಬೆಂಗಳೂರಿನ ಸೈಕಲ್ ಮಿತ್ರರು ಇಲ್ಲಿ ಕೈ ಎತ್ತುತ್ತಾರೆ, ಗೊತ್ತು. "ಮೌಂಟನ್ ಬೈಕ್ ಅಂದ್ರೆ ಗೇರ್ ಬೇಕೇ ಬೇಕು ಗುರು!" ಹಾಗಾದರೆ ಈ ಮೌಂಟನ್ ಬೈಕ್ ಅನ್ನೋದು ಹುಟ್ಟಿದ್ದು ಎಲ್ಲಿಂದ ಅಂತ ಕೇಳಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಗುಜರಿಯಲ್ಲಿ ಬಿದ್ದಿದ್ದ ಹಳೇ ಶ್ವಿನ್ ಸೈಕಲ್ಲುಗಳನ್ನು ಎತ್ತಿಕೊಂಡು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸಿದರು. ದಪ್ಪ ಟೈರು, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕು, ಮೂಲದಲ್ಲಿ ಇದ್ದದ್ದು ಒಂದೇ ಗೇರು. ಗೇರುಗಳು ಆಮೇಲೆ ಸೇರಿದ್ದು. ಇನ್ನೂ ಹಿಂದಕ್ಕೆ ಹೋದರೆ, ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಡಿರೈಲರಿಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಅಲ್ಲಿವರೆಗೆ ಆಲ್ಪ್ಸ್ ಬೆಟ್ಟ ಹತ್ತುವವರು ಬುಡದಲ್ಲಿ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ಹೆಚ್ಚು ಹಲ್ಲಿನ ಚಕ್ರಕ್ಕೆ ಚೈನು ಸಿಕ್ಕಿಸಿ ಹತ್ತುತ್ತಿದ್ದರು. ನಾನೇನು ಆಲ್ಪ್ಸ್ ಹತ್ತಬೇಕಿಲ್ಲ. ಜೋಗಿಮಟ್ಟಿಗೆ ಹೋದಾಗ ಏರಿನಲ್ಲಿ ಇಳಿದು ತಳ್ಳುತ್ತೇನೆ, ಅದು ನನ್ನ ಎರಡನೇ ಗೇರು :) ದಿನಾ ಜೋಗಿಮಟ್ಟಿ ಹತ್ತೋ ಕೆಲಸ ಇದ್ದವರು ಗೇರ್ ಸೈಕಲ್ ತಗೊಳ್ಳಿ, ಒಳ್ಳೇದೇ ತಗೊಳ್ಳಿ, ನನ್ನ ತಕರಾರಿಲ್ಲ.

ನನ್ನ ತಕರಾರು ಇರೋದು ಬೇರೆ ಕಡೆ. ಒಂಟಿ ಗೇರಿನ ಸೈಕಲ್ಲಿಗೆ ಕೆಟ್ಟ ಹೆಸರು ಬರೋಕೆ ಅದನ್ನ ಮಾರಿದವರೇ ಕಾರಣ. ನಮ್ಮ ಅಜ್ಜಂದಿರ ಕಾಲದ 28 ಇಂಚಿನ ಕರೀ ಸೈಕಲ್ ಇದೆಯಲ್ಲ, ಅದರಲ್ಲಿ ಸಾಮಾನ್ಯವಾಗಿ ಮುಂದೆ 44, ಹಿಂದೆ 18. ಲೆಕ್ಕ ಹಾಕಿ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಹೆಚ್ಚುಕಮ್ಮಿ ಎರಡೂವರೆ ಸುತ್ತು, ಸೈಕಲ್ ಐದೂಕಾಲು ಮೀಟರಿನ ಮೇಲೆ ಮುಂದಕ್ಕೆ. ಸಮತಟ್ಟು ಟಾರ್ ರೋಡಿನಲ್ಲಿ, ಹಿಂದಿನಿಂದ ಗಾಳಿ ಇದ್ದರೆ ಸ್ವರ್ಗ. ಆದರೆ ಆಷಾಢದಲ್ಲಿ ದುರ್ಗದ ಕಡೆ ಹೊರಟು ನೋಡಿ. ಗುಡ್ಡದ ಸಾಲಲ್ಲಿ ಗಾಳಿಯಂತ್ರಗಳನ್ನ ಸುಮ್ನೆ ನೆಟ್ಟಿಲ್ಲ! ಆ ಗಾಳಿ ಓರೆಯಾಗಿ ಎದುರಿಗೆ ಬರುವಾಗ, ಹಿಂದೆ ಒಂದು ಮೂಟೆ ಇರುವಾಗ, ಹದಿಮೂರು ವರ್ಷದ ಮಗು ಐದೂಕಾಲು ಮೀಟರ್ ಗೇರನ್ನು ಹೇಗೆ ತುಳೀಬೇಕು? ನಿಂತು ತುಳಿಯತ್ತೆ, ಮೊಣಕಾಲು ನೋಯತ್ತೆ, "ಗೇರ್ ಸೈಕಲ್ ಬೇಕು" ಅನ್ನತ್ತೆ. ತಪ್ಪು ಆ ಹಿಂದಿನ ಎರಡು ಹಲ್ಲಿನದು. ನನ್ನ ಸೈಕಲ್ಲಿನಲ್ಲಿ ಒಂದು ಸುತ್ತಿಗೆ ನಾಲ್ಕೂವರೆ ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ಹಾಕಿದರೆ ಗಂಟೆಗೆ 16 ಕಿಲೋಮೀಟರ್. ದುರ್ಗ ಒಂದೂಕಾಲು ಗಂಟೆ. ಹೊಲದ ಜಾಡಿನಲ್ಲಿ ಕೂತೇ ತುಳೀತೀನಿ, ಕಲ್ಲುಮಣ್ಣಿನಲ್ಲಿ ಅಗಲ ಟೈರು ಜಾರಲ್ಲ. ಇನ್ನೂ ಹಗುರ ಬೇಕಾ, 22 ಹಲ್ಲಿನದು ಹಾಕಿಸಿ. ಇನ್ನೂರು ರೂಪಾಯಿ ನೋಟು ಕೊಟ್ಟರೆ ಚಿಲ್ಲರೆ ವಾಪಸ್ ಬರೋ ಸಾಮಾನು ಅದು. ಆದರೆ ಕೇಳೋರೇ ಇಲ್ಲದೆ ಅಂಗಡಿಯವನು 18 ಬಿಟ್ಟು ಬೇರೆ ಇಟ್ಟುಕೊಳ್ಳಲ್ಲ. ನನ್ನ 20 ಹಲ್ಲಿನದನ್ನ ದುರ್ಗದಿಂದ ತರಿಸಬೇಕಾಯ್ತು.

ಸೈಕಲ್ ಶೋಕಿ ಅಂತ ತಿಳಿದವರಿಗೆ ಇದೆಲ್ಲ ಹಲ್ಲು ಎಣಿಸೋ ಹುಚ್ಚು ಅನ್ನಿಸಬಹುದು. ಶೋಕಿ ಅಲ್ಲದವರ ವಿಷಯಕ್ಕೆ ಬರ್ತೀನಿ. ಕರ್ನಾಟಕದಲ್ಲಿ 2006-07ರಿಂದ ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದರು. ಎಲ್ಲ ಒಂಟಿ ಗೇರು. ಗುಣಮಟ್ಟದ ಬಗ್ಗೆ ಪ್ರತಿ ವರ್ಷ ಗಲಾಟೆ. ಆದರೂ ಸಾಲಾಗಿ ನಾಲ್ಕು ಹುಡುಗಿಯರು ಒಂದೇ ಬಣ್ಣದ ಸೈಕಲ್ಲಿನಲ್ಲಿ ಪಕ್ಕದ ಹಳ್ಳಿಯಿಂದ ಹೈಸ್ಕೂಲಿಗೆ ಬರೋದನ್ನ ಆ ವರ್ಷಗಳಲ್ಲಿ ಯಾರು ನೋಡಿಲ್ಲ ಹೇಳಿ? 2020ರಲ್ಲಿ ಕೋವಿಡ್ ಬಂತು, ಶಾಲೆ ಮುಚ್ಚಿತು, ಸೈಕಲ್ ನಿಂತಿತು. ಶಾಲೆ ಮತ್ತೆ ತೆರೆದಾಗ ಸೈಕಲ್ ಮಾತ್ರ ವಾಪಸ್ ಬರಲಿಲ್ಲ.

ಬಿಹಾರದಲ್ಲೂ 2006ರಲ್ಲೇ ಹೈಸ್ಕೂಲು ಸೇರುವ ಹುಡುಗಿಯರಿಗೆ ಸೈಕಲ್ಲಿಗೆ ಅಂತ ದುಡ್ಡು ಕೊಟ್ಟರು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನ ಅಳೆದು 2017ರಲ್ಲಿ ಪ್ರಕಟಿಸಿದರು: ಸರಿಯಾದ ವಯಸ್ಸಿಗೆ ಹೈಸ್ಕೂಲು ಸೇರೋ ಹುಡುಗಿಯರ ಪ್ರಮಾಣ 32 ಶೇಕಡ ಹೆಚ್ಚಾಯ್ತು, ಹುಡುಗರ ಜೊತೆಗಿನ ಅಂತರ 40 ಶೇಕಡ ಕಡಿಮೆ ಆಯ್ತು. ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಗೇರ್ ಇಲ್ಲದ ಕಬ್ಬಿಣದ ಸೈಕಲ್ಲು ಮಾಡಿದ ಕೆಲಸ ಇದು!

"ಈಗ ಶಕ್ತಿ ಯೋಜನೆ ಇದೆಯಲ್ಲ, 2023ರಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಸೈಕಲ್ ಯಾಕೆ?" ಅಂತ ಒಬ್ಬರು ಮೇಷ್ಟ್ರು ನನ್ನ ಹತ್ತಿರ ವಾದ ಮಾಡಿದರು. ಬಸ್ ಬೇಕು, ಬೇಡ ಅಂದವರಾರು? ಆದರೆ ಬಸ್ಸು ನಿಲ್ಲೋದು ಟಾರ್ ರೋಡಿನ ಮೇಲೆ. ಹೊಲದ ಮನೆಯಿಂದ ಟಾರ್ ರೋಡಿಗೆ ಮೂರು ಕಿಲೋಮೀಟರ್ ಬಂಡಿ ಜಾಡು ಇದ್ದರೆ ಅಲ್ಲಿಗೆ ಯಾವ ಟಿಕೆಟ್ಟೂ ಇಲ್ಲ, ಫ್ರೀನೂ ಇಲ್ಲ. ಸ್ಪೆಷಲ್ ಕ್ಲಾಸ್ ಮುಗಿಯೋ ಹೊತ್ತಿಗೆ ಬಸ್ಸು ಹೋಗಿರತ್ತೆ, ಸೈಕಲ್ ಹೋಗಿರಲ್ಲ. ಜೊತೆಗೆ ಆ ಸೈಕಲ್ಲು ಸಂಜೆ ಆದ ಮೇಲೆ ಅಮ್ಮನಿಗೆ ಹಾಲಿನ ಕ್ಯಾನು ತರತ್ತೆ, ಅಪ್ಪನಿಗೆ ಹೊಲಕ್ಕೆ ಬುತ್ತಿ ಒಯ್ಯತ್ತೆ.

ಹಾಗಾಗಿ ನಗರದ ಮಿತ್ರರಲ್ಲಿ ಒಂದು ಮಾತು. ಸೈಕಲ್ ಲೇನು, ಕಾರ್ಬನ್ ಫ್ರೇಮು ಅಂತ ನೀವು ಬರೆಯೋದನ್ನ ನಾನು ಓದ್ತೀನಿ, ಬರೀರಿ. ಅದರ ಜೊತೆಗೆ ಈ ಎಂಟನೇ ಕ್ಲಾಸಿನ ಸೈಕಲ್ಲಿನ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ. ಇನ್ನು ಟೆಂಡರ್ ಬರೆಯೋ ಇಲಾಖೆಯವರು ಯಾರಾದರೂ ಅಪ್ಪಿತಪ್ಪಿ ಇಲ್ಲಿಗೆ ಬಂದಿದ್ದರೆ, ಸೈಕಲ್ ಮತ್ತೆ ಕೊಡೋ ದಿನ ಹೀಗೆ ಬರೆಯಿರಿ: ಗೇರ್ ಬೇಡ, ಸ್ಪ್ರಿಂಗ್ ಬೇಡ. ಹಿಂದೆ 20 ಹಲ್ಲು. ಟೈರು ಒಂದೂಮುಕ್ಕಾಲು ಇಂಚು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಜಾಗ. ಕ್ಯಾರಿಯರ್ ಹುಡುಗಿಯರದ್ದಕ್ಕೂ ಹುಡುಗರದ್ದಕ್ಕೂ. ಒಂದು ಪಂಪು, ಒಂದು ಸ್ಪ್ಯಾನರ್ ಜೊತೆಗೇ ಇರಲಿ.