ಅಲಮಾರಿಯ ಕ್ಯಾಮರಾ

ನಾಲವಾರ, ವಾಡಿ, ಶಹಾಬಾದ, ಚಿತ್ತಾಪುರದಂಥ ಊರುಗಳ ಹಳೆಯ ಮನೆಗಳಲ್ಲಿ ಅಲಮಾರಿಯ ಮೇಲಿನ ಖಣವನ್ನೋ ತಗಡಿನ ಟ್ರಂಕನ್ನೋ ಶೋಧಿಸಿದರೆ, ಹೊಲದ ಕಾಗದಪತ್ರಗಳ ನಡುವೆ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕ್ಯಾಮರಾ ಕೆಲವೊಮ್ಮೆ ದೊರೆಯುತ್ತದೆ. ಅದರ ಚರ್ಮದ ಚೀಲ ಬಿರುಕುಬಿಟ್ಟಿರುತ್ತದೆ. ಒಡೆಯನು ಕಾಲವಾಗಿ ವರ್ಷಗಳೇ ಸಂದಿರುತ್ತವೆ. ಆ ಮೇಲೆ ಅದರ ಗತಿ ಸಾಮಾನ್ಯವಾಗಿ ಎರಡರಲ್ಲೊಂದು: ಗುಜರಿಯವನ ತಕ್ಕಡಿ, ಇಲ್ಲವೆ ಗಾಜಿನ ಕಪಾಟು. ಮೊದಲನೆಯದು ಅನ್ಯಾಯವೆಂದು ಎಲ್ಲರೂ ಒಪ್ಪುವರು. ಎರಡನೆಯದೂ ಅಂಥ ನ್ಯಾಯವೇನಲ್ಲವೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಈ ಸೀಮೆಗೂ ಛಾಯಾಚಿತ್ರ ಕಲೆಗೂ ನಂಟು ಹಳೆಯದು. 1871ರಲ್ಲಿ ಮುಂಬಯಿಯ ಕಡೆಯ ರೈಲುದಾರಿ ಈ ಪ್ರದೇಶವನ್ನು ಹಾಯ್ದು ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಆ ಸಿಕಂದರಾಬಾದಿನಲ್ಲಿಯೇ ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳರ (1844–1905) ಚಿತ್ರಶಾಲೆ ಇದ್ದಿತು. ಅರಮನೆ, ಬೇಟೆ, ದರಬಾರು, ಕ್ಷಾಮಪೀಡಿತ ಜನ ಎಲ್ಲವನ್ನೂ ಅವರು ಗಾಜಿನ ಫಲಕಗಳ ಮೇಲೆ ಹಿಡಿದರು. ಮನೆತನದವರು ಕಾಪಾಡಿಕೊಂಡು ಬಂದ 2,857 ಫಲಕಗಳನ್ನು 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು ಪಡೆದುಕೊಂಡಿತು. ಫಲಕಗಳು ಉಳಿದಿದ್ದರಿಂದಲೇ ಇಂದಿಗೂ ಅವುಗಳಿಂದ ಹೊಸ ಪ್ರತಿಗಳನ್ನು ಮುದ್ರಿಸಬಹುದಾಗಿದೆ.

ಸಾಮಾನ್ಯರ ಮನೆಗೆ ಕ್ಯಾಮರಾ ಬಂದುದು ಬಹುಕಾಲದ ಮೇಲೆ, ತಿಂಗಳ ಸಂಬಳದೊಡನೆ. ಭಾರತದಲ್ಲಿಯೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ ಎಂಬ ಕಪ್ಪು ಪೆಟ್ಟಿಗೆಯನ್ನು ಬಲ್ಲ ಹಿರಿಯರು ಇನ್ನೂ ಅನೇಕರಿದ್ದಾರೆ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಒಂದು ರೀಲಿಗೆ ಹನ್ನೆರಡು ಚೌಕ ಚಿತ್ರ. ಅಷ್ಟೇ ಅದರ ಶಾಸ್ತ್ರ. ರೀಲುಗಳನ್ನು ತಯಾರಿಸಲು 1960ರಲ್ಲಿ ಉದಕಮಂಡಲದಲ್ಲಿ ಸರ್ಕಾರದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಇಂದು ಎಂಬ ಹೆಸರಿನ ಫಿಲ್ಮು ಒಂದು ಕಾಲಕ್ಕೆ ದೇಶದ ಚಿತ್ರಶಾಲೆಗಳಲ್ಲೆಲ್ಲ ಸಲ್ಲುತ್ತಿದ್ದಿತು. ಆ ಕಾರ್ಖಾನೆ ಈಗಿಲ್ಲ.

ಹಾಗಾದರೆ ಆ ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಳ್ಳುವುದೇಕೆ? ಮನೆಯ ಹಳೆಯ ಚಿತ್ರಗಳನ್ನು ಹರಡಿಕೊಂಡು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಜಾತ್ರೆಯಲ್ಲಿ ಅಜ್ಜಿ ಇದ್ದಾಳೆ, ಕಟ್ಟೆಯ ಮೇಲೆ ತಾಯಿ ಇದ್ದಾಳೆ, ತೊಗರಿ ಹೊಲದಲ್ಲಿ ಕಾಕಾ ಇದ್ದಾನೆ. ತಂದೆ ಮಾತ್ರ ಎಲ್ಲಿಯೂ ಇಲ್ಲ. ಅವನು ಕ್ಯಾಮರಾದ ಹಿಂದೆ ನಿಂತಿದ್ದನು. ಅವನು ಎಷ್ಟು ದೂರ ನಿಲ್ಲುತ್ತಿದ್ದನು, ಯಾರನ್ನು ನಡುವೆ ನಿಲ್ಲಿಸುತ್ತಿದ್ದನು, ಹನ್ನೆರಡರಲ್ಲಿ ಎಷ್ಟನ್ನು ತಾಯಿಗೆ ಮೀಸಲಿಡುತ್ತಿದ್ದನು ಎಂಬುದನ್ನು ಕಪಾಟಿನಲ್ಲಿ ಕುಳಿತ ಯಂತ್ರ ಹೇಳಲಾರದು. ಅದೇ ಕಿಂಡಿಗೆ ಕಣ್ಣಿಟ್ಟು, ಅದೇ ಕಟ್ಟೆಯನ್ನು ಚೌಕದೊಳಗೆ ಕೂಡಿಸಲು ಹಿಂದೆ ಹಿಂದೆ ಸರಿಯುತ್ತ ಹೋದ ಮಗನಿಗೋ ಮಗಳಿಗೋ, ತಂದೆಯ ಹೆಜ್ಜೆ ಊರಿದ ಸ್ಥಳ ತಾನಾಗಿ ತಿಳಿಯುತ್ತದೆ. ಉಪಯೋಗದಿಂದ ದೊರೆಯುವ ಈ ಪರಿಚಯಕ್ಕಾಗಿಯೇ ಕ್ಯಾಮರಾವನ್ನು ದುರಸ್ತಿ ಮಾಡಬೇಕು.

ಆದರೆ ಆತುರ ಸಲ್ಲದು. ದೊರೆತ ಕ್ಷಣವೇ ಹಿಂಬದಿಯ ಮುಚ್ಚಳವನ್ನು ತೆರೆಯುವುದು ಬಹುಮಂದಿ ಮಾಡುವ ತಪ್ಪು. ಒಳಗೆ ತಂದೆಯ ಕೊನೆಯ ರೀಲು ಅರ್ಧಕ್ಕೇ ನಿಂತಿರಬಹುದು. ಒಂದು ಕ್ಷಣದ ಬೆಳಕು ಅದನ್ನು ಅಳಿಸಿಬಿಡಬಲ್ಲುದು. ಸಣ್ಣ ರೀಲಿನ ಕ್ಯಾಮರಾ ಆದರೆ ರೀಲನ್ನು ಮರಳಿ ಸುತ್ತುವ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ ನೋಡಬೇಕು. ಬಿಗಿ ಸಿಕ್ಕಿತೆಂದರೆ ಒಳಗೆ ಫಿಲ್ಮು ಇದೆ. ಹಳೆಯ ರೀಲಿನಲ್ಲಿ ಏನು ಉಳಿದೀತೆಂದು ತಾತ್ಸಾರ ಮಾಡುವವರು ಸ್ವೀಡನ್ನಿನ ಆಂದ್ರೆಯ ಕಥೆಯನ್ನು ನೆನೆಯಬೇಕು. 1897ರಲ್ಲಿ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ ಅವನೂ ಅವನ ಇಬ್ಬರು ಸಂಗಡಿಗರೂ ಹಿಮದಲ್ಲಿ ಮಡಿದರು. 1930ರಲ್ಲಿ ಅವರ ದೇಹಗಳೊಡನೆ ದೊರೆತ ಫಿಲ್ಮನ್ನು ಸಂಸ್ಕರಿಸಿದಾಗ, 240 ಚಿತ್ರಗಳಲ್ಲಿ 93 ಉಳಿದು ಬಂದವು. ಅಲ್ಲಿ ಹಿಮದ ಕಾವಲಿತ್ತು, ನಿಜ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಈ ಸೀಮೆಯಲ್ಲಿ ಫಿಲ್ಮು ಅಷ್ಟು ಬಾಳಲಾರದು. ಅದರಿಂದಲೇ ತಡಮಾಡಬಾರದು.

ಅದೇ ಕಾರಣದಿಂದ ಕ್ಯಾಮರಾಕ್ಕಿಂತ ಮೊದಲು ನೆಗೆಟಿವುಗಳನ್ನು ನೋಡಿಕೊಳ್ಳಬೇಕು. ಬಿಸಿಯೂ ತೇವವೂ ಕೂಡಿದಾಗ ಅಸಿಟೇಟ್ ಫಿಲ್ಮು ಕೊಳೆಯತೊಡಗಿ ಹುಳಿ ವಾಸನೆ ಬೀರುತ್ತದೆ, ಸುರುಟಿಕೊಳ್ಳುತ್ತದೆ. ಅಂಥವನ್ನು ಬೇರೆ ಮಾಡಿ, ಉಳಿದವನ್ನು ಕಾಗದದ ಲಕೋಟೆಗಳಲ್ಲಿಟ್ಟು, ಮನೆಯ ತಂಪಾದ ಒಣ ಮೂಲೆಯಲ್ಲಿ ಇರಿಸಬೇಕು. ಅವು ಒಂದು ಮನೆಯ ಸ್ವತ್ತು ಮಾತ್ರವೆಂದೂ ತಿಳಿಯಬಾರದು. ನಾಲವಾರ ನಿಲ್ದಾಣದಲ್ಲಿ ಇಳಿದು ಹೋಗುವ ಭೀಮಾತೀರದ ಸನ್ನತಿಯಲ್ಲಿ, 1986ರಲ್ಲಿ ಚಂದ್ರಲಾಂಬಾ ಕ್ಷೇತ್ರದ ಕಾಳಿ ಗುಡಿಯ ಛಾವಣಿ ಕುಸಿದ ಬಳಿಕ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡುಬಂದಿತು. ಅದಕ್ಕೆ ಮುಂಚೆ ಅಲ್ಲಿ ಹರಕೆಗೆ ಹೋದ ಒಂದು ಕುಟುಂಬವು ಆ ಗುಡಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವೊಂದು ಎಲ್ಲಿಯಾದರೂ ಇದ್ದರೆ, ಇತಿಹಾಸಜ್ಞರೂ ಅದನ್ನು ನೋಡಬಯಸುವರು.

ಇನ್ನು ದುರಸ್ತಿಯ ಮಾತು. ಈ ಭಾಗದಲ್ಲಿ ಕ್ಯಾಮರಾದ ಶತ್ರು ಧೂಳು. ಸಿಮೆಂಟಿನದೂ ಪರಸಿ ಕಲ್ಲಿನದೂ ಆದ ಪುಡಿಯನ್ನು ಧೋತರದ ಚುಂಗಿನಿಂದ ಒರೆಸಿದರೆ ಮಸೂರದ ಮೇಲೆ ಗೀರು ಬೀಳುವುದು. ಗಾಳಿಯಿಂದಲೋ ಮೃದುವಾದ ಕುಂಚದಿಂದಲೋ ಮೊದಲು ಕಣಗಳನ್ನು ಹಾರಿಸಬೇಕು. ಕವಾಟ ಅಂಟಿಕೊಂಡಿದೆಯೆಂದು ಹೊಲಿಗೆ ಯಂತ್ರದ ಎಣ್ಣೆ ಬಿಡುವವರಿದ್ದಾರೆ. ಎಣ್ಣೆ ಕವಾಟದ ತೆಳು ತಗಡುಗಳಿಗೆ ಹರಿದು ಅವು ಇನ್ನಷ್ಟು ಅಂಟಿಕೊಳ್ಳುತ್ತವೆ. 1970ರ, 80ರ ದಶಕದ ಜಪಾನಿ ಕ್ಯಾಮರಾಗಳಲ್ಲಿ ಬೆಳಕು ಸೋರದಂತೆ ಅಂಟಿಸಿದ ಸ್ಪಂಜಿನ ಪಟ್ಟಿಯು ಕಾಲಾಂತರದಲ್ಲಿ ಕರಗಿ ಡಾಂಬರಿನಂತಾಗುತ್ತದೆ. ಅದನ್ನು ಕೆರೆದು ಹೊಸದನ್ನು ಅಂಟಿಸುವುದು ತಾಳ್ಮೆಯುಳ್ಳ ವಿದ್ಯಾರ್ಥಿಗೂ ಸಾಧ್ಯ. ಮಸೂರಗಳನ್ನು ಬಿಚ್ಚುವ ಕೆಲಸ ಬಲ್ಲವರದು. ಅಂಥ ಕುಶಲಿಗಳು ದಿನದಿನಕ್ಕೆ ಕಡಮೆಯಾಗುತ್ತಿದ್ದಾರೆ. ಅವರ ಕೈಗೆ ಕೆಲಸವನ್ನೊಪ್ಪಿಸುವವರೇ ಇಲ್ಲವಾದರೆ ಆ ವಿದ್ಯೆಯೂ ಅವರೊಡನೆಯೇ ಹೋಗುವುದು.

ಕಿಸೆಯಲ್ಲಿರುವ ಮೊಬೈಲು ಕ್ಷಣಕ್ಕೊಂದು ಚಿತ್ರ ತೆಗೆಯುವಾಗ, ಒಂದು ರೀಲಿಗೆ ನೂರಾರು ರೂಪಾಯಿ ಸುರಿಯುವುದು ಹುಚ್ಚಲ್ಲವೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹೊಟ್ಟೆಬಟ್ಟೆ ಕಟ್ಟಿ ಮಾಡಬೇಕಾದ ಕೆಲಸ ಇದಲ್ಲ. ಕವಾಟ ಮುರಿದು ತುಕ್ಕು ತಿಂದ ಪೆಟ್ಟಿಗೆಗೆ ಹಣ ಸುರಿಯುವುದೂ ಅವಿವೇಕ. ಆದರೆ ವರ್ಷಕ್ಕೆ ಒಂದು ರೀಲು ಸಾಕು. ಕ್ಲಿಕ್ ತ್ರೀಗೆ ಬೇಕಾದ 120 ಅಳತೆಯ ರೀಲು 1901ರಲ್ಲಿ ಹುಟ್ಟಿದ್ದು; ಇಂದಿಗೂ ಅದರ ತಯಾರಿಕೆ ನಿಂತಿಲ್ಲ. ಹನ್ನೆರಡೇ ಚಿತ್ರಗಳೆಂದು ಗೊತ್ತಿದ್ದವನು ಗುಂಡಿ ಒತ್ತುವ ಮುನ್ನ ಎದುರಿಗಿರುವವರ ಮುಖವನ್ನು ಸರಿಯಾಗಿ ನೋಡುತ್ತಾನೆ. ಮೊಬೈಲು ಹಿಡಿದವನಿಗೆ ಆ ಅವಶ್ಯಕತೆಯೇ ಬೀಳುವುದಿಲ್ಲ.

ಕಪ್ಪುಬಿಳುಪಿನ ರೀಲನ್ನು ಸಂಸ್ಕರಿಸುವುದು ಶಾಲೆಯ ಪ್ರಯೋಗಶಾಲೆಯಲ್ಲಿಯೂ ಆಗಬಹುದಾದ ಕೆಲಸ. ಬೆಳಕು ಬೀಳದ ಡಬ್ಬಿಯಲ್ಲಿ ಮೊದಲು ಚಿತ್ರವನ್ನು ಮೂಡಿಸುವ ದ್ರಾವಣ, ಅನಂತರ ನೀರು, ಕೊನೆಗೆ ಹೈಪೊ. ಸೋಡಿಯಂ ಥಯೋಸಲ್ಫೇಟ್ ಎಂಬ ಈ ಲವಣವು ಬೆಳ್ಳಿಯ ಲವಣಗಳನ್ನು ಕರಗಿಸುವುದೆಂದು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡಿದ್ದನು. ದ್ರಾವಣ 20 ಡಿಗ್ರಿಯಲ್ಲಿರಬೇಕೆಂದು ಪುಸ್ತಕಗಳು ಹೇಳುತ್ತವೆ. ಈ ಕಡೆಯ ಚೈತ್ರದಲ್ಲಿ ನಳದ ನೀರು ಕೈ ಸುಡುತ್ತದೆ. ಮಾರ್ಗಶಿರ, ಪುಷ್ಯಗಳ ಬೆಳಗಿನ ಹೊತ್ತಾದರೆ ರಾತ್ರಿಯೆಲ್ಲ ಮಣ್ಣಿನ ಗಡಿಗೆಯಲ್ಲಿ ತಣಿದ ನೀರೇ ಸಾಕಾಗುವುದು. ತೊಳೆದ ರೀಲನ್ನು ಧೂಳಿಲ್ಲದ ಕೋಣೆಯಲ್ಲಿ ದಾರಕ್ಕೆ ತೂಗುಹಾಕಿ ನೋಡಿದಾಗ ಕೆಲವು ಚೌಕಗಳು ಖಾಲಿ ಕಂಡಾವು, ಅಂಚಿನಲ್ಲಿ ಕರಿಯ ಪಟ್ಟೆಯೂ ಕಂಡೀತು. ಎಲ್ಲಿಂದಲೋ ಬೆಳಕು ಸೋರುತ್ತಿದೆಯೆಂದು ಅದರ ಅರ್ಥ. ಆ ಸಂದನ್ನು ಹುಡುಕಿ ಮುಚ್ಚಿ, ಮುಂದಿನ ರೀಲನ್ನು ತುಂಬಬೇಕು; ತಂದೆ ಒಮ್ಮೆ ಚಿತ್ರ ತೆಗೆದಿದ್ದ ಕಟ್ಟೆಯ ಮೇಲೆಯೇ ತಾಯಿಯನ್ನು ಕೂಡಿಸಿ, ಹೊತ್ತು ಇಳಿಯುವ ಮುನ್ನ ಒಂದು ಚೌಕವನ್ನು ಅವಳಿಗಾಗಿ ತೆಗೆಯಬೇಕು.