ಅಳು ಹಾಡು ಬ್ಯಾಡ ಅನ್ನೋರಿಗೆ ನಾಕು ಮಾತು

ಹೋದ ತಿಂಗಳು ದಾವಣಗೆರೆಯಾಗೆ ನಮ್ಮ ಕಡೇರ ಮದುವಿಗೆ ನೀವೆಲ್ಲ ಬಹಳ ಮಂದಿ ಬಂದಿದ್ರಿ. ಹೆಣ್ಣು ಒಪ್ಪಿಸೋ ಹೊತ್ತಿಗೆ ಹರಿಹರದ ನಮ್ಮ ದೊಡ್ಡವ್ವ ಹಾಡಾಕೆ ಶುರು ಮಾಡಿದ್ರು. ಒಂದು ನುಡಿ ಮುಗಿದಿತ್ತು, ಎರಡನೇದು ಎತ್ತಿದ್ರು. ಅಷ್ಟರಾಗೆ ಹಿಂದಿನಿಂದ ಒಂದು ದನಿ: "ದೊಡ್ಡವ್ವಾ, ಶುಭದ ಹೊತ್ತಿನಾಗೆ ಅಳು ಹಾಡು ಯಾಕ್ರೀ? ಹುಡುಗಿ ಮೇಕಪ್ಪೆಲ್ಲ ಹಾಳಾಗ್ತೈತಿ." ನಾಕು ಮಂದಿ ಕಿಸಕ್ಕನೆ ನಕ್ಕರು. ದೊಡ್ಡವ್ವ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ಸುಮ್ಮನಾದ್ರು.

ಹಂಗಂದವರ ಹೆಸರು ನಾನು ಬರೆಯೋದಿಲ್ಲ. ಅವರೂ ಇದನ್ನ ಓದ್ತಾರೆ, ಅವರಿಗೆ ಗೊತ್ತಾಗ್ತೈತಿ. ಬೀಗರ ಮುಂದೆ ಮಾತು ಬೆಳೆಸೋದು ಬ್ಯಾಡ ಅಂತ ಅವತ್ತು ನಾನೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪೇ. ಅವತ್ತು ಆಡದಿದ್ದನ್ನ ಇವತ್ತು ಆಡ್ತೀನಿ.

ಮೊದಲ್ನೇದು ಶುಭ-ಅಶುಭದ ಮಾತು. ದೊಡ್ಡವ್ವನ ಬಾಯಿ ಮುಚ್ಚಿಸಿದ ಮೇಲೆ ಡಿಜೆ ಹುಡುಗ ಯಾವ ಹಾಡು ಹಾಕಿದ ಅಂತ ನೆನಪೈತೇನು? ಅದೂ ಜನಪದಾನೇ ಅಂತೆ. ಪ್ರೀತಿ ಮಾಡಿದ ಹುಡುಗಿ ಕೈ ಕೊಟ್ಟು ಇನ್ನೊಬ್ಬನ್ನ ಮದುವಿ ಆದ್ಲು ಅಂತ ಹುಡುಗ ಎದೆ ಎದೆ ಬಡ್ಕೊಳ್ಳೋ ಹಾಡು. ಅದಕ್ಕೆ ನಮ್ಮ ಹುಡುಗ್ರು ಕುಣಿದ್ರು, ನಾವು ವಿಡಿಯೋ ಮಾಡಿದ್ವಿ. ಮದುವಿ ಮಂಟಪದಾಗೆ ಮುರಿದ ಪ್ರೀತಿ ಹಾಡು ಶುಭ, ಮಗಳನ್ನ ಚೆಂದಾಗಿ ನೋಡ್ಕೊಳ್ರಿ ಅಂತ ಬೀಗರಿಗೆ ಕೈ ಮುಗಿಯೋ ಹಾಡು ಅಶುಭ! ಗಂಡಸಿನ ಅಳುವನ್ನ ಟ್ರ್ಯಾಕ್ಟರ್ ಮ್ಯಾಲೆ ಕಟ್ಟಿ ಊರೆಲ್ಲ ಕೇಳೋ ಹಂಗೆ ಹಾಕ್ತಾರೆ, ಯಾರಿಗೂ ಅಪಶಕುನ ಆಗೋದಿಲ್ಲ. ಹೆಂಗಸು ಸಣ್ಣ ದನಿಯಾಗೆ ಎರಡು ನುಡಿ ಅಂದ್ರೆ ಮನಿಗೆ ಕೆಡಕು. ಇದ್ಯಾವ ನ್ಯಾಯ?

ಎರಡನೇದು ವಯಸ್ಸಾದವರ ಮಾತು. "ಅತ್ತು ಬಿಪಿ ಏರಿಸ್ಕೊಂತಾರೆ, ಹಳೇದೆಲ್ಲ ಯಾಕೆ ಕೆದಕೋದು" ಅಂತೀರಿ. ನಾವು ಸುಮ್ಮನಿರಿಸಿದ ಕೂಡ್ಲೇ ಅವರಿಗೆ ಹಳೇದು ಮರೆತು ಹೋಗ್ತೈತೇನು? ನಮ್ಮವ್ವ, ದೊಡ್ಡವ್ವ ಇಬ್ಬರೂ ಒಂದೇ ಮನಿ ಸೊಸೆಯರು. ಬೆಳಗಿನ ಜಾವ ಬೀಸೋ ಕಲ್ಲಿನ ಆಚೆ ಒಬ್ಬರು, ಈಚೆ ಒಬ್ಬರು ಕುಂತು ಜೋಳ ಬೀಸ್ತಿದ್ರು. ಗೂಟ ನಾಕು ಕೈಯಾಗೆ ತಿರುಗೋದು. ಒಬ್ಬರು ನುಡಿ ಎತ್ತಿದ್ರೆ ಇನ್ನೊಬ್ಬರು ಅದನ್ನ ಮುಗಿಸೋರು. ಮೂರು ಸಾಲಿನ ಪದ, ಕಲ್ಲಿನ ಸುತ್ತಿಗೆ ಸರಿಯಾಗಿ ಉಸಿರು. ನಾನು ಕೌದಿಯಾಗೆ ಮಲಗಿ ಕೇಳ್ತಿದ್ದೆ. ಆ ಪದದಾಗೆ ಆಗಾಗ ಒಂದು ಹೆಸರು ಬರೋದು. ಯಾವುದೋ ದೇವರ ಹೆಸರು ಅನ್ಕೊಂಡಿದ್ದೆ. ದೊಡ್ಡವ್ವಗೆ ಹುಟ್ಟಿ ಎಂಟು ತಿಂಗಳಿಗೆ ತೀರಿಕೊಂಡ ಕೂಸಿನ ಹೆಸರು ಅದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮ್ಯಾಲೆ. ಆ ಕೂಸಿಂದು ಒಂದು ಫೋಟೋ ಇಲ್ಲ. ರೇಷನ್ ಕಾರ್ಡಿನಾಗೆ ಇಲ್ಲ, ಗೋಡಿ ಮ್ಯಾಲೆ ಇಲ್ಲ, ಮನ್ಯಾಗೆ ಯಾರೂ ಆ ಸುದ್ದಿ ಎತ್ತೋದಿಲ್ಲ. ಅದು ಇದ್ದಿದ್ದು ಆ ಪದದಾಗೆ ಅಷ್ಟೇ.

ಊರಿಗೆ ಹಿಟ್ಟಿನ ಗಿರಣಿ ಬಂತು, ರಟ್ಟೆ ನೋವು ತಪ್ಪಿತು. ಬೀಸೋ ಕಲ್ಲು ಹಿತ್ತಲಿಗೆ ಹೋತು. ಅದು ವಾಪಸ್ ಬರಲಿ ಅಂತ ನಾನು ಹೇಳೋದಿಲ್ಲ, ನಾಕು ಗಂಟಿಗೆ ಎದ್ದು ಬೀಸಿದವರ ಕೈ ನಾನು ನೋಡೀನಿ. ಆದ್ರೆ ಕಲ್ಲಿನ ಜೊತಿಗೆ ಹಾಡಾಕೆ ಇದ್ದ ಜಾಗಾನೂ ಹೋತು. ಮದುವಿ, ಉಡಿ ತುಂಬೋದು, ತೊಟ್ಟಿಲು, ಪಂಚಮಿ, ಇಷ್ಟೇ ಉಳಿದಿದ್ವು. ಈಗ ಅಲ್ಲೂ ಬ್ಯಾಡ ಅಂದ್ರೆ ಅವರು ಎಲ್ಲಿ ಹಾಡಬೇಕು?

ಮೂರನೇದು ಓದಿದ ಹುಡುಗಿಯರ ಮಾತು. ಇದಕ್ಕೆ ನನ್ನಲ್ಲಿ ಮರ್ಯಾದಿ ಐತಿ. ನಮ್ಮ ಅಕ್ಕನ ಮಗಳು ಕೇಳಿದ್ಲು: "ಚಿಕ್ಕಮ್ಮಾ, ಅತ್ತಿ ಬೈದ್ರೂ ತಾಳ್ಕೋ, ಗಂಡ ಹೊಡೆದ್ರೂ ತಾಳ್ಕೋ ಅಂತಾವೆ ಆ ಹಾಡು. ಅವನ್ನ ಯಾಕೆ ಉಳಿಸಬೇಕು?" ಹೌದು, ಅಂಥಾ ಹಾಡೂ ಅದಾವೆ. ಅವನ್ನ ನಾನೂ ನನ್ನ ಮಗಳಿಗೆ ಕಲಿಸಿಲ್ಲ. ಆದ್ರೆ ಎಲ್ಲಾ ಅಳು ಹಾಡೂ ಅದೇ ಅಂದ್ರೆ ಒಪ್ಪೋದಿಲ್ಲ. 'ಕೆರೆಗೆ ಹಾರ' ತಗೊಳ್ರಿ. ಶಾಲಿಯಾಗೆ ಓದಿದವರು ಅದನ್ನ ತ್ಯಾಗದ ಕಥಿ ಅಂತಾರೆ. ಸರಿಯಾಗಿ ಕೇಳಿ ನೋಡ್ರಿ. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ. ಬಲಿ ಕೊಡಬೇಕು ಅಂತ ಹೊತ್ತಿಗೆ ತೆಗೆಸಿದಾಗ ಬಂತು. ಕೊನೆಗೆ ಬಂದಿದ್ದು ಸಣ್ಣ ಸೊಸೆ ಭಾಗೀರಥಿ ಪಾಲಿಗೆ. ಗಂಡ ದಂಡಿನಾಗೆ, ಊರಾಗಿಲ್ಲ. ಆಕಿ ತವರಿಗೆ ಓಡ್ತಾಳೆ. ಯಾಕವ್ವ ಮುಖ ಬಾಡೈತಿ ಅಂತ ಅಪ್ಪ ಅವ್ವ ಕೇಳಿದ್ರೆ, ನಮ್ಮನ್ನ ಬ್ಯಾರೆ ಇಡ್ತಾರಂತೆ ಅಂತ ಸುಳ್ಳು ಹೇಳ್ತಾಳೆ. ಖರೇ ಹೇಳಿದ್ದು ಗೆಳತಿಗೆ, ಆ ಗೆಳತಿ ಅವರು ಇಟ್ಟಂಗೆ ಇರು ಅಂತಾಳೆ. ವಾಪಸ್ ಬರ್ತಾಳೆ. ಮರೆತು ಬಂದ ಬಂಗಾರದ ಬಟ್ಟಲು ತರಾಕೆ ಅಂತ ಕೆರೆಗೆ ಕಳಿಸ್ತಾರೆ. ಮೆಟ್ಟಲು ಮೆಟ್ಟಲಿಗೂ ನೀರು ಏರ್ತೈತಿ. ದಂಡಿನಿಂದ ಬಂದ ಗಂಡ ಅದೇ ಕೆರೆಗೆ ಹಾರ್ತಾನೆ.

ಇದು ತಾಳ್ಕೋ ಅನ್ನೋ ಹಾಡೇನ್ರೀ? ಯಾರ್ಯಾರು ಸೇರಿ ಆ ಹುಡುಗಿನ ಮುಳುಗಿಸಿದ್ರು ಅಂತ ಒಬ್ಬೊಬ್ಬರನ್ನೂ ಎತ್ತಿ ತೋರಿಸೋ ಹಾಡು. ಕೋರ್ಟಿನಾಗೂ ಇಷ್ಟು ಚೊಕ್ಕಾಗಿ ಹೇಳಾಕೆ ಬರೋದಿಲ್ಲ.

ನಮ್ಮವ್ವ ಈ ಹಾಡು ಮುಗಿದ ಮ್ಯಾಲೆ ಪ್ರತಿ ಸಲ ನನ್ನ ಕಡೆ ತಿರುಗಿ ಒಂದು ಮಾತು ಹೇಳ್ತಿದ್ಲು: "ನೀನು ಮಾತ್ರ ನನ್ನ ಮುಂದೆ ಸುಳ್ಳು ಹೇಳಬ್ಯಾಡ." ನನಗಾಗ ಹನ್ನೆರಡೋ ಹದಿಮೂರೋ. ಹೂಂ ಅಂದು ಆಡಾಕೆ ಓಡ್ತಿದ್ದೆ.

ಮದುವಿ ಆದ ಎರಡನೇ ವರ್ಷ ಒಂದು ದಿನ ದಾವಣಗೆರೆಯಿಂದ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅರ್ಧ ತಾಸಿನ ದಾರಿ. ಮುಖಕ್ಕೆ ಪೌಡರ್ ಹಚ್ಕೊಂಡಿದ್ದೆ, ಮಂದಿಗೆ ಹಂಚಾಕೆ ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡಿದ್ದೆ. ಎಲ್ಲಾ ಆರಾಮ್ ಅವ್ವಾ ಅಂದೆ. ಅವ್ವ ಮಂಡಕ್ಕಿ ಪೊಟ್ಟಣ ಬಿಚ್ಚಲಿಲ್ಲ. ನನ್ನ ಮುಖ ನೋಡಿ ನಿಧಾನಕ್ಕೆ ಕೇಳಿದ್ಲು: "ಏನವ್ವಾ, ನಿಮ್ಮನ್ನ ಬ್ಯಾರೆ ಇಡ್ತಾರಂತೇನು?"

ಅಷ್ಟೇ. ಭಾಗೀರಥಿ ಹೇಳಿದ ಸುಳ್ಳನ್ನ ನನಗಿಂತ ಮೊದಲು ಅವ್ವಾನೇ ಹೇಳಿಬಿಟ್ಲು. ನಾನು ಅಲ್ಲೇ ಹೊಸ್ತಿಲ ಮ್ಯಾಲೆ ಕುಂತು ಖರೇ ಏನೈತೋ ಎಲ್ಲಾ ಹೇಳಿದೆ. ಮಾರನೇ ದಿನ ಅಪ್ಪ, ದೊಡ್ಡಪ್ಪ ಬಂದು ಕುಂತು ಮಾತಾಡಿದ್ರು, ಒಂದು ದಾರಿ ಆತು. ಅದೇನಿತ್ತು ಅಂತ ಇಲ್ಲಿ ಬ್ಯಾಡ. ಆ ಹಾಡು ನಮ್ಮ ಮನ್ಯಾಗೆ ಇರದಿದ್ರೆ ಅವ್ವ ಹೆಂಗೆ ಕೇಳ್ತಿದ್ಲು, ನಾನು ಹೆಂಗೆ ಹೇಳ್ತಿದ್ದೆ? ನಮ್ಮ ಮನೆತನದಾಗೆ ತಾಯಿ ಮಗಳು ಎದುರೆದುರು ಕುಂತು ಇಂಥಾವೆಲ್ಲ ಮಾತಾಡೋ ರೂಢಿ ಇರಲಿಲ್ಲ. ಆ ಹಾಡೇ ನಮಗೆ ಮಾತು ಕೊಡ್ತು.

ಈ ಪದಗಳ ಬೆಲೆ ತಿಳಿದವರು ಹಿಂದೇನೇ ಇದ್ರು. ಹಲಸಂಗಿ ಗೆಳೆಯರು ಅಂತ, ಮಧುರಚೆನ್ನ, ಸಿಂಪಿ ಲಿಂಗಣ್ಣ ಇದ್ದ ಬಳಗ, ಹೆಂಗಸರ ಬಾಯಿಂದ ಕೇಳಿ ಬರ್ಕೊಂಡು 1931ರಾಗೆ 'ಗರತಿಯ ಹಾಡು' ಪುಸ್ತಕ ತಂದ್ರು. ಈಗ ನಮ್ಮ ಹರಿಹರದಿಂದ ಹೈವೇ ಹಿಡಿದು ಹಾವೇರಿ ದಾಟಿದ್ರೆ ಗೊಟಗೋಡಿಯಾಗೆ ಜನಪದಕ್ಕೇ ಅಂತ ಒಂದು ವಿಶ್ವವಿದ್ಯಾಲಯ ಐತಿ. ಅಲ್ಲಿ ಓದಿ ಪದವಿ ತಗೊಂತಾರೆ. ಅದೇ ಹಾಡನ್ನ ನಮ್ಮ ದೊಡ್ಡವ್ವ ಮಂಟಪದಾಗೆ ಹಾಡಿದ್ರೆ ಕಿಸಕ್ಕನೆ ನಗ್ತೀವಿ. ಪುಸ್ತಕದಾಗೆ ಪದ ಸಿಗ್ತೈತಿ, ದೊಡ್ಡವ್ವನ ಕೂಸಿನ ಹೆಸರು ಸಿಗೋದಿಲ್ಲ.

ಮದುವಿ ಆಗಿ ಎಂಟು ದಿನಕ್ಕೆ ನಾನು ಹರಿಹರಕ್ಕೆ ಹೋಗಿ ದೊಡ್ಡವ್ವನ ಹತ್ರ ಕುಂತೆ. ಅವತ್ತು ಬಿಟ್ಟ ಪದ ಈಗ ಹಾಡ್ರಿ ಅಂದೆ. "ಮರ್ತೈತೆವ್ವ, ಬಿಡು" ಅಂದ್ರು. ಮರ್ತಿರಲಿಲ್ಲ, ಸಿಟ್ಟಿತ್ತು. ಬಹಳ ಹೊತ್ತು ಕಾಡಿದ ಮ್ಯಾಲೆ ಮೂರು ನುಡಿ ಹಾಡಿದ್ರು. ಮೂರನೇದರಾಗೆ ಆ ಹೆಸರು ಬಂತು. ಫೋನಿನಾಗೆ ಹಿಡ್ಕೊಂಡೀನಿ. ಆದ್ರೆ ಜೊತಿಗೆ ನುಡಿ ಮುಗಿಸಾಕೆ ಅವ್ವ ಇಲ್ಲ, ನನಗೆ ಬಾಯಿಪಾಠ ಇಲ್ಲ. ಒಬ್ಬರೇ ಹಾಡಿದ್ರು.

ಅದಕ್ಕೇ ಅಕ್ಕದೇರಾ, ತಂಗೇರಾ, ಓಣಿ ಗೆಳತೇರಾ, ಈ ಪಂಚಮಿಗೆ ನಮ್ಮ ಮನಿಗೆ ಬರ್ರಿ. ದೊಡ್ಡವ್ವನ್ನ ಕರ್ಕೊಂಡು ಬರ್ತೀನಿ. ಉಂಡಿ, ಅಳ್ಳು ನಾನು ಮಾಡ್ತೀನಿ, ಜೋಕಾಲಿನೂ ಕಟ್ಟಸ್ತೀನಿ. ನಿಮ್ಮ ಅತ್ತೆಯರನ್ನೂ ಕರ್ಕೊಂಡು ಬರ್ರಿ, ಪದ ಬರೋರು ಹಾಡಲಿ, ಬರದವರು ಕಡೀ ಸಾಲಿಗಾದ್ರೂ ದನಿ ಕೂಡಿಸ್ರಿ. ಅವತ್ತು ಮಂಟಪದಾಗೆ ಬ್ಯಾಡ ಅಂದವರೂ ಬರ್ರಿ, ನಿಮಗೂ ಅಳು ಬಂದ್ರೆ ನಾನೇನು ನಗೋದಿಲ್ಲ.